ಉಡಿಕೆಯಾದವಳ ಕೂಸು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಓದುವವರು ನಡುವೆ ಎಲ್ಲೋ ಈ ಹೆಂಗಸಿಗೆ ಏನು ಬಂತು ಅಂದುಕೊಳ್ಳುತ್ತಾರೆ. ಹರಪನಹಳ್ಳಿಯಲ್ಲಿ ವಕೀಲಿ ಮಾಡುತ್ತಿದ್ದಾಗ ಜಡ್ಜರ ಎದುರೇ ಸಿಟ್ಟು ಮಾಡಿಕೊಂಡು, ಆಮೇಲೆ ನನ್ನ ಕೈಗೆ ಕೇಸು ಕೊಡುವವರೇ ಇಲ್ಲದಂತಾಯಿತು. ಯಜಮಾನರಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದ್ದೇ ನೆಪವಾಗಿ ಇಲ್ಲಿಗೆ ಬಂದೆವು. ಈಗ ನಾನು ಒಂದು ಗಾಜಿನ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ಕೂತು ಸತ್ತವರ ಜಗಳ ಓದುತ್ತೇನೆ.

ನಮ್ಮ ಕಂಪನಿ ಹಳೆಯ ತೀರ್ಪುಗಳನ್ನು ಕಂಪ್ಯೂಟರಿಗೆ ಏರಿಸಿ ದೇಶದ ವಕೀಲರಿಗೆಲ್ಲ ಮಾರುತ್ತದೆ. ನನ್ನ ತಂಡದ ಪಾಲಿಗೆ ಬಂದಿರುವುದು ಉತ್ತರದ ಕಡೆಯವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಗಂಗೆಯ ಬಯಲಿನ ಜಿಲ್ಲೆಗಳಿಂದ ಹೈಕೋರ್ಟಿಗೆ ಹೋದ ಸಿವಿಲ್, ಕ್ರಿಮಿನಲ್ ಮೇಲ್ಮನವಿಗಳು. ಬಾವಿಯ ನೀರಿಗೆ ಲಾಠಿ ಹಿಡಿದು ಹೊಡೆದಾಡಿ ಸತ್ತವರು, ಮಾವಿನ ತೋಪಿನ ಗಡಿಗಾಗಿ ತಲೆಮಾರುಗಟ್ಟಲೆ ಕೋರ್ಟು ಹತ್ತಿದವರು, ಗಂಡನ ಮನೆಗೆ ಹಿಂತಿರುಗು ಎಂದು ಆಜ್ಞೆಯಾದ ಹೆಂಗಸರು, ಗಲ್ಲಿಗೆ ಹೋದವರು, ಗಲ್ಲು ತಪ್ಪಿಸಿಕೊಂಡು ಊರಿಗೆ ಹೋಗಿ ವೈರಿಯ ಕೈಯಲ್ಲಿ ಸತ್ತವರು. ಪ್ರತಿ ತೀರ್ಪಿನ ನೆತ್ತಿಯ ಮೇಲೆ ಅದರ ಸಾರವನ್ನು ಒಂದೆರಡು ಸಾಲಿನಲ್ಲಿ ಬರೆಯುವುದು ನಮ್ಮ ಕೆಲಸ. ಅದಕ್ಕೆ ಹೆಡ್‌ನೋಟ್ ಎನ್ನುತ್ತಾರೆ. ವಕೀಲರು ಓದುವುದು ಅದನ್ನೇ. ಕೆಳಗಿನ ತೀರ್ಪನ್ನು ಓದುವ ಪುಣ್ಯಾತ್ಮರು ಕಡಿಮೆ.

ಆ ಕಾಲದ ಜಡ್ಜರಿಗೆ ಒಂದು ಚಾಳಿ ಇತ್ತು. ತಾವು ಒಪ್ಪದ ವಾದವನ್ನು ಮೊದಲು ಪೂರ್ತಿ ಬರೆಯುತ್ತಿದ್ದರು. ಬರೀ ಬರೆಯುವುದಲ್ಲ, ಆ ವಕೀಲನೇ ಹೇಳಿದ್ದಕ್ಕಿಂತ ಸೊಗಸಾಗಿ, ಪುಟಗಟ್ಟಲೆ ಬರೆಯುತ್ತಿದ್ದರು. ಓದುವವನು ಹೌದು ಹೌದು ಎಂದು ತಲೆದೂಗುವ ಹೊತ್ತಿಗೆ ಒಂದು ಸಣ್ಣ ವಾಕ್ಯ ಬರುತ್ತಿತ್ತು: ಈ ವಾದವನ್ನು ಒಪ್ಪಲಾರೆ. ಅಲ್ಲಿಂದ ಮುಂದೆ ಅಷ್ಟನ್ನೂ ಬುಡಸಮೇತ ಕಿತ್ತುಹಾಕುತ್ತಿದ್ದರು. ನನಗೆ ಆ ಚಾಳಿ ಬಲು ಇಷ್ಟ. ಎದುರಿನವನ ಮಾತನ್ನು ಪೂರ್ತಿ ಕೇಳಿ ಆಮೇಲೆ ಬೈಯುವುದು ದೊಡ್ಡವರ ಲಕ್ಷಣ, ನನಗಂತೂ ಅದು ಬರುವುದಿಲ್ಲ.

ಆದರೆ ನಮ್ಮ ಆಫೀಸಿನಲ್ಲಿ ನಡೆಯುತ್ತಿದ್ದದ್ದು ತಲೆ-ಬಾಲದ ಓದು. ಮೊದಲ ಪುಟ, ಕೊನೆಯ ಪುಟ, ನಡುವಿನದ್ದನ್ನು ಯಂತ್ರಕ್ಕೆ ಬಿಡು. ಯಂತ್ರವೇ ಹೆಡ್‌ನೋಟ್ ಬರೆದುಕೊಡುತ್ತದೆ, ಮನುಷ್ಯರು ನೋಡಿದ ಶಾಸ್ತ್ರ ಮಾಡಿ ಸರಿ ಎಂದು ಒತ್ತಿದರಾಯಿತು. ಮ್ಯಾನೇಜರ್ ಹರ್ಷವರ್ಧನ್‌ಗೆ ಇದರ ಬಗ್ಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆ ಹುಡುಗನಿಗೆ ನಗುವುದು ಬಿಟ್ಟರೆ ಬೇರೆ ಉತ್ತರ ಗೊತ್ತಿಲ್ಲ. ಶೈಲಜಾ ಮೇಡಂ, ನೀವು ಹಳೇ ಕಾಲದವರು, ಎಲ್ಲಾ ಓದ್ತೀರಿ ಎಂದು ಹೊಗಳಿದಂತೆ ಹೇಳಿ ಜಾರಿಕೊಳ್ಳುತ್ತಿದ್ದ. ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸುತ್ತಿತ್ತು.

ದೇವಕ್ಕ ನಮ್ಮ ಮಹಡಿಯ ಹೌಸ್‌ಕೀಪಿಂಗ್‌ನವಳು, ಯಾದಗಿರಿ ಕಡೆಯವಳು. ಒಂದು ದಿನ ನಾನು ಫೋನಿನಲ್ಲಿ ನನ್ನ ತಂಗಿಗೆ ನಮ್ಮೂರಿನ ಮಾತಿನಲ್ಲಿ ಚೆನ್ನಾಗಿ ಉಗಿಯುತ್ತಿದ್ದುದನ್ನು ಕೇಳಿಸಿಕೊಂಡು, ನಿಮ್ದೂ ಆ ಕಡೀನೇ ಏನ್ರೀ ಎಂದು ಮಾತಿಗೆ ಬಂದಳು. ಅಂದಿನಿಂದ ಊಟದ ಹೊತ್ತಿಗೆ ನನ್ನ ಹತ್ತಿರ ಎರಡು ಮಾತಾಡಿ ಹೋಗುವುದು ರೂಢಿಯಾಯಿತು. ಒಂದು ಮಧ್ಯಾಹ್ನ ಬಂದವಳೇ, ಕೂಸನ್ನು ಅತ್ತೆ ಕರೆದುಕೊಂಡು ಹೋಗಿ ವಾಪಸ್ಸು ಕಳಿಸುತ್ತಿಲ್ಲ ಅಂದಳು.

ಅವಳ ಕತೆ ಇಷ್ಟು. ಮೊದಲ ಗಂಡ ಮರೆಪ್ಪ ಸೆಂಟ್ರಿಂಗ್ ಕೆಲಸದವನು. ಬೊಮ್ಮಸಂದ್ರದ ಹತ್ತಿರ ಏಳುತ್ತಿದ್ದ ಒಂದು ಕಟ್ಟಡದ ಮೇಲಿಂದ ಬಿದ್ದು ಸತ್ತ. ಆಗ ಮಗಳು ಮಹಾನಂದಾ ಇನ್ನೂ ಅಂಬೆಗಾಲಿಕ್ಕುತ್ತಿದ್ದಳಂತೆ. ದೇವಕ್ಕ ಊರಿಗೆ ಹೋಗಲಿಲ್ಲ; ಹೆಬ್ಬಗೋಡಿಯ ಬಾಡಿಗೆ ಕೋಣೆಯಲ್ಲೇ ಉಳಿದು ಕೂಸನ್ನು ಸಾಕಿದಳು. ಕೆಲವು ವರ್ಷದ ಮೇಲೆ ಮರೆಪ್ಪನ ಗೆಳೆಯ ಬಸಲಿಂಗನ ಜೊತೆ ಅವಳಿಗೆ ಉಡಿಕೆಯಾಯಿತು. ಉಡಿಕೆ ಅಂದರೆ ಗಂಡ ಸತ್ತವಳಿಗೆ ಇನ್ನೊಂದು ಬಾಳು ಕಟ್ಟಿಕೊಡುವ ರೂಢಿ. ಓಲಗವಿಲ್ಲ, ಅಕ್ಷತೆಯಿಲ್ಲ, ಹಿರಿಯರ ಎದುರು ಹೊಸ ಸೀರೆ ಉಡಿಸಿದರೆ ಮುಗಿಯಿತು. ಬಸಲಿಂಗ ಪೀಣ್ಯದ ಒಂದು ಲೇತ್ ಶಾಪಿನಲ್ಲಿ ದುಡಿಯುತ್ತಾನೆ. ಕೂಸಿನ ಶಾಲೆ ತಪ್ಪಬಾರದೆಂದು ಹೆಬ್ಬಗೋಡಿ ಬಿಡದೆ, ದಿನವೂ ಊರಿನ ಈ ತುದಿಯಿಂದ ಆ ತುದಿಗೆ ಬಸ್ಸು, ಮೆಟ್ರೋ ಹತ್ತಿಳಿಯುತ್ತಿದ್ದ. ಅಂಥವನು ಸಿಗಲು ಪುಣ್ಯ ಬೇಕು.

ಉಡಿಕೆಗೆ ಸೀರೆ ತಂದು ಕೊಟ್ಟವಳು ಬೇರೆ ಯಾರೂ ಅಲ್ಲ, ಮರೆಪ್ಪನ ತಾಯಿ ರುದ್ರಮ್ಮನೇ. ಸೊಸೆ ಒಂಟಿಯಾಗಿ ಕೊರಗಬಾರದು ಎಂದು ಮನಸಾರೆ ಹರಸಿದಳಂತೆ. ಆದರೆ ಅವರ ಕಡೆ ಉಡಿಕೆಯಾಗಿ ಹೋಗುವವಳು ಮೊದಲ ಗಂಡನ ಕೂಸನ್ನು ಆ ಮನೆಗೇ ಬಿಟ್ಟು ಹೋಗುವುದು ವಾಡಿಕೆ. ಬೆಂಗಳೂರಿನಲ್ಲೇ ಬಾಳು ನಡೆಸಿದ ದೇವಕ್ಕನಿಗೆ ಅದು ಅಷ್ಟಾಗಿ ತಲೆಯಲ್ಲಿರಲಿಲ್ಲ. ಸೀರೆ ಕೊಟ್ಟವಳು ಕೂಸು ನನ್ನದು ಅನ್ನಲಿಲ್ಲ, ಉಟ್ಟವಳು ಕೂಸು ನನ್ನ ಜೊತೆಗೆ ಅನ್ನಲಿಲ್ಲ. ಇಬ್ಬರೂ ಇದು ಹೇಳುವ ಮಾತೇ ಅಲ್ಲ ಅಂದುಕೊಂಡು ಸುಮ್ಮನಿದ್ದರು. ಬೇಸಿಗೆ ರಜೆಗೆಂದು ರುದ್ರಮ್ಮ ಬಂದು ಮೊಮ್ಮಗಳನ್ನು ಕರೆದೊಯ್ದವಳು ಶಾಲೆ ಶುರುವಾದರೂ ಕಳಿಸಲಿಲ್ಲ. ಊರಿನ ಶಾಲೆಗೇ ಸೇರಿಸಿದಳು. ಬಸಲಿಂಗ ಹೋಗಿ ಕೇಳಿದರೆ ಊರವರು ಬೈದು ಕಳಿಸಿದರು.

ಮಗು ಇದ್ದದ್ದು ಇಲ್ಲಿ, ಆದ್ದರಿಂದ ಇಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು ಎಂದು ನಾನೇ ಹೇಳಿಕೊಟ್ಟೆ. ವಕೀಲರು ನಲ್ಲಪ್ಪ, ಈ ಹೊಸೂರು ರಸ್ತೆಯ ಆಸುಪಾಸಿನ ಹಳ್ಳಿಯವರು, ವಯಸ್ಸಾದವರು, ಸಜ್ಜನರು, ಸ್ವಲ್ಪ ನಿಧಾನ. ರುದ್ರಮ್ಮನೂ ವಕೀಲರನ್ನಿಟ್ಟಳು. ತೀರ್ಮಾನವಾಗುವವರೆಗೆ ಮಗು ಈಗ ಇರುವಲ್ಲೇ ಇರಲಿ, ಪ್ರತಿ ತಾರೀಖಿಗೂ ಕರೆತಂದು ತಾಯಿಗೆ ತೋರಿಸಬೇಕು ಎಂದು ಜಡ್ಜರು ಮಧ್ಯಂತರ ಆಜ್ಞೆ ಮಾಡಿದರು. ಹೀಗಾಗಿ ದೇವಕ್ಕ ತನ್ನ ಮಗಳನ್ನು ನೋಡುವ ಜಾಗ ಕೋರ್ಟಿನ ವರಾಂಡ ಆಯಿತು.

ಆ ವರಾಂಡದಲ್ಲಿ ಒಂದು ಕಲ್ಲುಬೆಂಚು. ಮೊದಲ ತಾರೀಖಿಗೆ ನಾನೂ ರಜೆ ಹಾಕಿ ಹೋಗಿದ್ದೆ. ಮಹಾನಂದಾ ತಾಯಿಯನ್ನು ಕಂಡಿದ್ದೇ ಓಡಿಬಂದು ಸೊಂಟ ತಬ್ಬಿಕೊಂಡಳು, ಮನೆಗೆ ಹೋಗೋಣ ನಡಿ ಎಂದು ಸೆರಗು ಹಿಡಿದು ಎಳೆದಳು. ಸಂಜೆ ಅವಳನ್ನು ಬಿಡಿಸಿ ಬಸ್ಸು ಹತ್ತಿಸುವಾಗ ಮಾಡಿದ ರಂಪ ನೋಡಲಾಗಲಿಲ್ಲ. ರುದ್ರಮ್ಮನೂ ಅಳುತ್ತಿದ್ದಳು. ಸಣಕಲು ಮುದುಕಿ, ರೊಟ್ಟಿಗಂಟು ಬಗಲಲ್ಲಿಟ್ಟುಕೊಂಡು ಅಷ್ಟು ದೂರದಿಂದ ಕೂಸನ್ನು ಹೊತ್ತು ಬರುತ್ತಿದ್ದಳು, ಒಂದು ತಾರೀಖೂ ತಪ್ಪಿಸಲಿಲ್ಲ. ಅವಳನ್ನು ದ್ವೇಷಿಸಲು ನಾನು ಸಿದ್ಧವಾಗಿ ಹೋಗಿದ್ದೆ. ಅದು ಆಗಲಿಲ್ಲವೆಂದು ಅವಳ ಮೇಲೆ ಇನ್ನೂ ಸಿಟ್ಟು ಬಂತು.

ವಾದ ಶುರುವಾಗುವ ಹೊತ್ತಿಗೆ ರುದ್ರಮ್ಮನ ವಕೀಲರು ಒಂದು ಹಳೆಯ ತೀರ್ಪಿನ ಪ್ರತಿ ಹಾಜರುಪಡಿಸಿದರು. ನಲ್ಲಪ್ಪ ಅದನ್ನು ನನಗೆ ಕೊಟ್ಟು, ನೀವು ಇಂಥದರಲ್ಲೇ ಇರೋರು, ಒಸಿ ನೋಡಿ ಮೇಡಂ ಎಂದರು. ಉತ್ತರದ ಒಂದು ಹೈಕೋರ್ಟು, ಐವತ್ತರ ದಶಕದ ಶುರು, ಮುಸಮ್ಮಾತ್, ಅಂದರೆ ಶ್ರೀಮತಿ, ಸುಖಿಯಾ ಎಂಬ ವಿಧವೆಯ ವಿಷಯ. ನೆತ್ತಿಯ ಮೇಲೆ ಹೆಡ್‌ನೋಟ್: ಮರುಮದುವೆಯಾದ ವಿಧವೆ ಮೊದಲ ಗಂಡನ ಮನೆಯ ಪಾಲಿಗೆ ಸತ್ತಂತೆ, ಆ ಗಂಡನ ಮಗುವಿನ ಪಾಲನೆಯನ್ನು ಕೇಳುವ ಹಕ್ಕು ಆಕೆಗಿಲ್ಲ. ಕೆಳಗೆ ಮೂಲೆಯಲ್ಲಿ ನಮ್ಮ ಕಂಪನಿಯ ಗುರುತು ಇತ್ತು.

ಮರುದಿನ ಆಫೀಸಿಗೆ ಹೋದವಳೇ ಆ ತೀರ್ಪನ್ನು ತೆಗೆದು ಕೂತೆ. ಮೊದಲ ಪುಟ ಮಸುಕಾಗಿತ್ತು, ಯಾರ ಮೇಲೆ ಯಾರು ಎಂಬುದು ಓದುವಂತಿರಲಿಲ್ಲ. ಕೊನೆಯ ಪುಟದಲ್ಲಿ ಇದ್ದದ್ದು ಇಷ್ಟೇ: ಮೇಲ್ಮನವಿ ವಜಾ. ತಲೆ-ಬಾಲ ಓದಿದ ಮಹಾನುಭಾವರು ಮೇಲ್ಮನವಿ ಹಾಕಿದವಳು ಸುಖಿಯಾ ಅಂದುಕೊಂಡಿದ್ದರು. ಹಾಕಿದ್ದು ಮಗುವಿನ ತಾತ. ಅದು ಗೊತ್ತಾಗುವುದು ನಡುವಿನ ಪುಟಗಳಲ್ಲಿ. ಸುಖಿಯಾಳದ್ದು ಕರಾವ್ ಎಂಬ ಕೂಡಿಕೆ. ನಮ್ಮ ಉಡಿಕೆಯಂಥದ್ದೇ, ಅಲ್ಲಿ ಸೀರೆಯ ಬದಲು ತಲೆಯ ಮೇಲೊಂದು ಬಟ್ಟೆ ಹೊದಿಸುತ್ತಾರೆ. ಕರಾವ್ ಆದವಳು ಈ ಮನೆಗೆ ಸತ್ತಂತೆ, ಸತ್ತವಳು ಮಗುವನ್ನು ಕೇಳಲಾರಳು ಎಂದು ತಾತನ ವಕೀಲ ವಾದಿಸಿದ್ದ. ಆ ಪುಣ್ಯಾತ್ಮ ಜಡ್ಜರು ಆ ವಾದವನ್ನು ಪುಟಗಟ್ಟಲೆ ಬೆಳೆಸಿ ಬರೆದಿದ್ದರು. ಯಂತ್ರ ಅದನ್ನೇ ಹೆಕ್ಕಿಕೊಂಡಿತ್ತು, ಮನುಷ್ಯರು ಸರಿ ಎಂದು ಒತ್ತಿದ್ದರು. ಮುಂದಿನ ಪುಟದಲ್ಲಿ ಜಡ್ಜರ ಸ್ವಂತ ಮಾತು ಇತ್ತು: ಈ ವಾದವನ್ನು ಒಪ್ಪಲಾರೆ. ಹೆಣ್ಣು ಮನೆ ಬದಲಾಯಿಸಿದ ಮಾತ್ರಕ್ಕೆ ಅವಳ ತಾಯ್ತನ ಬದಲಾಗದು.

ಮತ್ತೂ ಮುಂದೆ ಓದಿದೆ. ಜಡ್ಜರು ಮಗುವನ್ನು ತಮ್ಮ ಕೋಣೆಗೆ ಕರೆಸಿ, ಯಾರ ಹತ್ತಿರ ಇರುತ್ತೀ ಎಂದು ಕೇಳಿದ್ದರು. ಅದು ತಾಯಿಯನ್ನು ಬಿಟ್ಟು ಎಂದೂ ಇದ್ದದ್ದಲ್ಲ, ಅಮ್ಮನ ಹತ್ತಿರ ಅಂದಿತ್ತು. ತೀರ್ಪು ಸುಖಿಯಾಳ ಕಡೆಗಾಯಿತು. ಓದಿ ಮುಗಿಸಿದಾಗ ನನ್ನ ಕಣ್ಣು ತುಂಬಿ ಬಂದಿತ್ತು. ದೇವಕ್ಕನನ್ನು ಕರೆದು ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಮಾಪನ್ನು ಗೋಡೆಗೆ ಒರಗಿಸಿ ನನ್ನ ಕಾಲಿಗೆ ಬೀಳಲು ಬಂದಳು, ನಾನು ಬೈದು ತಡೆದೆ.

ಹರ್ಷವರ್ಧನ್ ಮಾತ್ರ ನಗಲಿಲ್ಲ ಈ ಸಲ. ಹೆಡ್‌ನೋಟ್ ತಪ್ಪು ಎಂದು ಕಂಪನಿ ಬರೆದುಕೊಟ್ಟರೆ ನಾಳೆ ಯಾವ್ಯಾವ ಕೋರ್ಟಿನಲ್ಲಿ ಯಾರ್ಯಾರು ಇದನ್ನು ನಂಬಿ ಸೋತರೋ ಅವರೆಲ್ಲ ಬಾಗಿಲಿಗೆ ಬರುತ್ತಾರೆ, ಇದನ್ನು ಮೇಲಿನವರು ನೋಡಬೇಕು, ಟಿಕೆಟ್ ಹಾಕಿ ಅಂದ. ಟಿಕೆಟ್ ಅಂದರೆ ಕಂಪ್ಯೂಟರಿನಲ್ಲಿ ಬರೆದಿಡುವ ದೂರು. ಹಾಕಿದೆ. ಅದು ಯಾರದೋ ಪರದೆಯಲ್ಲಿ ಬಿದ್ದುಕೊಂಡಿತು. ನಾನು ಅವನಿಗೆ ಆಡಬಾರದ ಮಾತು ಆಡಿದೆ, ಪಕ್ಕದ ಸಾಲಿನವರೆಲ್ಲ ಎದ್ದು ನಿಂತು ನೋಡಿದರು. ಅದರಿಂದ ಏನೂ ಬದಲಾಗಲಿಲ್ಲ.

ನಮ್ಮ ವೆಬ್‌ಸೈಟಿನ ಪುಟಗಳನ್ನೇ ನಲ್ಲಪ್ಪ ಕೋರ್ಟಿಗೆ ಕೊಟ್ಟರು. ರುದ್ರಮ್ಮನ ವಕೀಲರು ಬಿಡುತ್ತಾರೆಯೇ? ಒಂದೇ ಜಾಗದ ಮೇಲಿನ ಸಾಲು ಸುಳ್ಳು, ಕೆಳಗಿನ ಪುಟ ನಿಜ ಎಂದರೆ ಹೇಗೆ ಸ್ವಾಮಿ ಎಂದು ಕೇಳಿದರು. ಮೊದಲ ಪುಟ ಮಸುಕು ಬೇರೆ. ಅಸಲು ತೀರ್ಪಿನ ದೃಢೀಕೃತ ಪ್ರತಿ ತನ್ನಿ ನೋಡೋಣ ಎಂದು ಜಡ್ಜರು ಹೇಳಿದರು. ಹೊರಗೆ ಬಂದ ಮೇಲೆ ನಲ್ಲಪ್ಪ ತಮ್ಮ ಕೋಟು ಕಳಚಿ ತೋಳಿನ ಮೇಲೆ ಹಾಕಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

“ಬುಡಿ ಮೇಡಂ. ಹೊಸ ಕಾನೂನೇ ತಾಯಿ ಪರವಾಗೈತೆ. ಆ ಹಳೇದರ ಸವಾಸ ಬ್ಯಾಡ. ಮುಂದಿನ ತಾರೀಖಿಗೇ ವಾದ ಮುಗಿಸ್ಬುಡ್ತೀನಿ. ಮಗು ಅಲ್ಲಿ ದಿನಾ ದಿನಾ ಬೆಳೀತಾ ಐತೆ.”

ಅವರು ಹೇಳಿದ್ದು ನನಗೆ ಕೇಳಿಸಿತು, ತಲೆಗೆ ಹೋಗಲಿಲ್ಲ. ಅಂಥ ಹಸಿ ಸುಳ್ಳು ಫೈಲಿನಲ್ಲಿ ಕೂತಿರುವಾಗ ಅದನ್ನು ಹಾಗೇ ಬಿಟ್ಟು ಮುಂದೆ ಹೋಗುವುದೇ? ಜಡ್ಜರು ಅದನ್ನು ನಂಬಿಬಿಟ್ಟರೆ? ಅದೂ ಅಲ್ಲದೆ ಆ ಪುಟಗಳು ನಮ್ಮ ಪರವಾಗಿ ಎಷ್ಟು ಚೆನ್ನಾಗಿವೆ, ಉಡಿಕೆಯ ಮಾತನ್ನೇ ಎತ್ತಿ ಹೇಳುವ ಇನ್ನೊಂದು ತೀರ್ಪು ಎಲ್ಲಿ ಸಿಗುತ್ತದೆ? ಸಮಯ ಕೇಳಿ, ಪ್ರತಿ ತರಿಸುವ ಹೊಣೆ ನನ್ನದು ಎಂದು ಪಟ್ಟು ಹಿಡಿದೆ. ನಲ್ಲಪ್ಪ ದೇವಕ್ಕನ ಕಡೆ ನೋಡಿದರು. ಅವಳು ನನ್ನ ಕಡೆ ನೋಡಿ, ಮೇಡಂ ಹೇಳಿದ್ದಽ ಆಗ್ಲಿ ಅಂದಳು.

ಪ್ರತಿ ತರಿಸುವುದು ಅಂದರೆ ಏನು ಪಾಡು ಎಂದು ಆಗ ತಿಳಿಯಿತು. ಆ ಹೈಕೋರ್ಟು ಇರುವ ಊರಿನ ವಕೀಲರೊಬ್ಬರನ್ನು ಹಿಡಿದೆ. ಅವರು ಅರ್ಜಿ ಹಾಕಿದರು. ಅಲ್ಲಿ ದಾಖಲೆ ಕೋಣೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗುತ್ತಿತ್ತಂತೆ. ಆಮೇಲೆ ಹಬ್ಬದ ರಜೆ ಬಂತು. ಆಮೇಲೆ ಹುಡುಕುವ ಗುಮಾಸ್ತರಿಗೆ ಕಾಯಿಲೆಯಾಯಿತು. ಇಲ್ಲಿ ವಕೀಲರ ಮುಷ್ಕರ ನಡೆಯಿತು, ಒಮ್ಮೆ ಜಡ್ಜರು ತರಬೇತಿಗೆ ಹೋದರು. ನಲ್ಲಪ್ಪ ಪ್ರತಿ ಸಲ ಎದ್ದು ಸಮಯ ಕೇಳುವುದು, ರುದ್ರಮ್ಮನ ವಕೀಲರು ಆಕ್ಷೇಪವಿಲ್ಲ ಅನ್ನುವುದು, ಮುಂದಿನ ತಾರೀಖು ಬೀಳುವುದು. ಅವರು ಯಾಕೆ ಅಷ್ಟು ಸುಲಭವಾಗಿ ಒಪ್ಪುತ್ತಿದ್ದರು ಎಂದು ನಾನು ಯೋಚಿಸಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಆ ನಡುವಿನ ಪುಟಗಳು ಮಾತ್ರ.

ಈ ನಡುವೆ ವರಾಂಡದಲ್ಲಿ ಕೂಸು ದೊಡ್ಡದಾಗುತ್ತಿತ್ತು. ಎರಡನೆಯ ಸಲ ಬಂದಾಗ ತಾಯಿಯ ತೊಡೆಯ ಮೇಲೆ ಕೂತು ಊರಿನ ಸುದ್ದಿ ಹೇಳಿತು. ಆಮೇಲಾಮೇಲೆ ಪಕ್ಕದಲ್ಲಿ ಕೂರತೊಡಗಿತು. ದೇವಕ್ಕ ಪ್ರತಿ ಸಲವೂ ಹೊಸ ರಿಬ್ಬನ್ನು, ಬಿಸ್ಕತ್ತು, ಚಿತ್ರದ ಪುಸ್ತಕ ತರುತ್ತಿದ್ದಳು. ಅವಳು ಹೊಲಿಸಿ ತಂದ ಲಂಗ ಒಂದು ಸಲ ಗಿಡ್ಡವಾಯಿತು, ಕಣ್ಣಳತೆ ತಪ್ಪಿತ್ತು. ಮಹಾನಂದಾ ಬಿಸ್ಕತ್ತು ತಿಂದು, ರಿಬ್ಬನ್ನು ಕಟ್ಟಿಸಿಕೊಂಡು, ಹೊತ್ತಾಗುತ್ತಲೇ ತಾನು ಆಯಿ ಎಂದು ಕರೆಯುವ ಅಜ್ಜಿಯ ಹತ್ತಿರ ಓಡಿ ಹೋಗಿ ಮಡಿಲಲ್ಲಿ ಮಲಗುತ್ತಿದ್ದಳು. ಹೋಗುವಾಗ ಈಗ ರಂಪ ಇರಲಿಲ್ಲ. ಬುದ್ಧಿ ಬಂತು ನೋಡು ಎಂದು ನಾನು ದೇವಕ್ಕನಿಗೆ ಸಮಾಧಾನ ಹೇಳುತ್ತಿದ್ದೆ. ಅವಳು ಹೂಂ ಅನ್ನುತ್ತಿದ್ದಳು. ಬಸಲಿಂಗ ಒಮ್ಮೆ ಪೀಣ್ಯದಿಂದ ಪಾಳಿ ಬಿಟ್ಟು ಬಂದಿದ್ದ. ಕೂಸು ಅವನನ್ನು ನೋಡಿ ಮುದುಕಿಯ ಬೆನ್ನಿಗೆ ಹೋಗಿ ನಿಂತಿತು. ಅವನು ಮತ್ತೆ ಬರಲಿಲ್ಲ.

ಒಂದು ತಾರೀಖಿನಂದು ದೇವಕ್ಕ ಒಳಗೆ ಹೋಗಿದ್ದಾಗ ರುದ್ರಮ್ಮ ತಾನಾಗಿಯೇ ನನ್ನ ಹತ್ತಿರ ಸರಿದು ಕೂತಳು. ನಾನು ಮುಖ ತಿರುಗಿಸಿದೆ. ಅವಳು ಅದನ್ನು ಲೆಕ್ಕಿಸಲಿಲ್ಲ.

“ಸೀರಿ ನಾನಽ ಕೊಟ್ಟೀನಿ ಯವ್ವಾ. ಅಕಿ ಬಾಳು ಚಂದ ಆಗ್ಲಿ ಅಂತ ಕೊಟ್ಟೀನಿ. ನನ್ನ ಮಗ ಸತ್ತಾಗ ಅವನ ಮೈಯಾಗ ನೋಡೂವಂಥದ್ದು ಏನೂ ಉಳಿದಿದ್ದಿಲ್ಲ. ಈ ಕೂಸಿನ ಮಾರಿ ಅವಂದಽ ಐತಿ. ಅಕಿಗಿನ್ನಾ ಹುಟ್ತಾವ. ನನಗ ಎಲ್ಲಿ ಹುಟ್ತಾವ?”

ನಾನು ಅವಳಿಗೆ ಕಾನೂನು ಹೇಳಿದೆ. ತಾಯಿಯ ಹಕ್ಕು, ಮಗುವಿನ ಹಿತ, ಎಲ್ಲ ಹೇಳಿದೆ. ಅವಳು ತಲೆ ಅಲ್ಲಾಡಿಸುತ್ತ ಪೂರ್ತಿ ಕೇಳಿ, ರೊಟ್ಟಿ ತಿಂತೀಯೇನವ್ವ ಅಂದಳು. ಬೇಡ ಅಂದೆ. ಆಮೇಲೆ ಹೊಟ್ಟೆ ಹಸಿದು, ಕೋರ್ಟಿನ ಎದುರಿನ ಅಂಗಡಿಯಲ್ಲಿ ತಣ್ಣಗಿನ ಪುಳಿಯೋಗರೆ ತಿಂದೆ.

ಮಳೆಗಾಲ ಕಳೆದು, ಚಳಿ ಕಳೆದು, ಮತ್ತೆ ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಪ್ರತಿ ಬಂತು. ಮೊಹರು, ಸಹಿ, ದಾರ ಕಟ್ಟಿದ ದಪ್ಪ ಕಾಗದ. ಮೊದಲ ಪುಟ ಸ್ಪಷ್ಟವಾಗಿತ್ತು: ಮೇಲ್ಮನವಿದಾರ, ಮಗುವಿನ ತಾತ. ಆ ದಿನ ನನಗಾದ ಸಂತೋಷ ನನ್ನ ಸ್ವಂತ ಕೇಸು ಗೆದ್ದಾಗಲೂ ಆಗಿರಲಿಲ್ಲ. ಹರ್ಷವರ್ಧನನ ಮೇಜಿನ ಮೇಲೆ ಅದರ ನಕಲನ್ನು ಹಾಕಿ ಬಂದೆ.

ವಿಚಾರಣೆಯ ದಿನ ನಲ್ಲಪ್ಪ ಅದನ್ನು ನಿಧಾನವಾಗಿ, ಒಂದು ಸಾಲೂ ಬಿಡದೆ ಓದಿದರು. ತಾತನ ವಕೀಲನ ವಾದ ಬಂದಾಗ ರುದ್ರಮ್ಮನ ವಕೀಲರು ಹಿಗ್ಗಿದ್ದು ಕಂಡಿತು. ಪುಟ ತಿರುಗಿತು. ಈ ವಾದವನ್ನು ಒಪ್ಪಲಾರೆ ಎಂಬಲ್ಲಿಗೆ ಬಂದಾಗ ಜಡ್ಜರು ಪೆನ್ನು ಕೆಳಗಿಟ್ಟರು. ಆ ಹೆಡ್‌ನೋಟ್ ನಂಬಿದ್ದಕ್ಕೆ ಎದುರು ವಕೀಲರಿಗೆ ನಾಲ್ಕು ಮಾತು ಹೇಳಿದರು. ಮರುಮದುವೆ ತಾಯಿಗೆ ಅಡ್ಡಿಯಲ್ಲ, ಅಂದೂ ಅಲ್ಲ ಇಂದೂ ಅಲ್ಲ, ಈ ಅಂಶ ಇಲ್ಲಿಗೆ ತೀರ್ಮಾನವಾಯಿತು ಎಂದರು. ನಾನು ದೇವಕ್ಕನ ಕೈ ಒತ್ತಿದೆ. ಮುಗೀತೇನ್ರಿ, ಗೆದ್ದಿವೇನ್ರಿ ಎಂದು ಕಿವಿಯಲ್ಲಿ ಕೇಳಿದಳು. ಹೂಂ ಅಂದೆ.

ಜಡ್ಜರು ಪ್ರತಿಯನ್ನು ತರಿಸಿಕೊಂಡು ಉಳಿದ ಪುಟಗಳನ್ನು ತಾವೇ ಓದಿದರು. ಒಳ್ಳೆಯ ಜಡ್ಜರು, ಪೂರ್ತಿ ಓದುವ ಜಡ್ಜರು. ಅಂಥವರು ಸಿಗಲಿ ಎಂದು ಜೀವಮಾನವೆಲ್ಲ ಹಂಬಲಿಸಿದ್ದೆ. ಓದಿ ಮುಗಿಸಿ ತಲೆ ಎತ್ತಿ, ಆ ನ್ಯಾಯಾಧೀಶರು ಮಗುವನ್ನು ಕರೆದು ಕೇಳಿದ್ದಾರೆ, ಸರಿಯಾದ ಕ್ರಮ ಅದು, ನಾವೂ ಕೇಳೋಣ ಎಂದರು. ನಲ್ಲಪ್ಪನವರ ಕೈ ಮೇಜಿನ ಅಂಚಿಗೆ ಹೋಯಿತು. ಅವರು ಹಿಂತಿರುಗಿ ನನ್ನ ಕಡೆ ಒಂದು ಸಲ ನೋಡಿದರು. ಸುಖಿಯಾಳ ಮಗು ತಾಯಿಯ ಮಡಿಲಿನಿಂದ ಎದ್ದು ಹೋಗಿ ಉತ್ತರ ಹೇಳಿತ್ತು. ನಮ್ಮದು ಎಲ್ಲಿಂದ ಎದ್ದು ಹೋಗುತ್ತಿದೆ ಎಂಬುದು ಆ ಕ್ಷಣದವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ಮಹಾನಂದಾಳನ್ನು ಜಡ್ಜರ ಕೋಣೆಗೆ ಕರೆದೊಯ್ದರು. ಹೋಗುವಾಗ ರುದ್ರಮ್ಮ ಅವಳ ಮೂಗು ಒರೆಸಿ ಕಳಿಸಿದಳು. ನಾವು ಹೊರಗೆ ಬೆಂಚಿನ ಮೇಲೆ ಕೂತೆವು, ಒಂದು ತುದಿಗೆ ಮುದುಕಿ, ಇನ್ನೊಂದು ತುದಿಗೆ ದೇವಕ್ಕ, ನಡುವೆ ನಾನು. ದೇವಕ್ಕ ಮನೆಯಲ್ಲಿ ಗೋಡೆಗೆ ಬಣ್ಣ ಹೊಡೆಸಿದ್ದನ್ನು ಹೇಳಿದಳು. ಬಸಲಿಂಗ ಕೂಸಿಗೆಂದು ಸಣ್ಣ ಮಂಚ ತಂದಿದ್ದಾನೆ, ನಿನ್ನೆಯೇ ಹಾಸಿಗೆ ಹಾಸಿ ಬಂದಿದ್ದೇನೆ ಅಂದಳು.

ಊಟದ ಬಿಡುವಿನ ಮೇಲೆ ಎಲ್ಲರನ್ನೂ ಒಳಗೆ ಕರೆದರು. ಜಡ್ಜರು ಆದೇಶವನ್ನು ಕನ್ನಡದಲ್ಲೇ ಹೇಳಿ ಬರೆಸಿದರು. ಯಾವ ಏರಿಳಿತವೂ ಇರಲಿಲ್ಲ ಆ ದನಿಯಲ್ಲಿ.

“ಯಾರ ಬಳಿ ಇರಲು ಇಷ್ಟವೆಂದು ಕೇಳಲಾಗಿ ಮಗು ಆಯಿಯ ಬಳಿ ಎಂದು ಹೇಳಿತು. ತಾಯಿಯ ಗುರುತು ಇದೆಯೇ ಎಂದು ಕೇಳಲಾಗಿ ಇದೆ ಎಂದಿತು. ತಾಯಿ ಎಲ್ಲಿರುತ್ತಾಳೆ ಎಂದು ಕೇಳಲಾಗಿ, ಇಲ್ಲೇ ಕೋರ್ಟಿನ್ಯಾಗ ಇರ್ತಾಳ ಎಂದು ಹೇಳಿತು.”

ಟೈಪಿಸ್ಟು ಅದನ್ನು ಟೈಪು ಮಾಡಿದಳು. ತಾಯಿಗೆ ಕಾನೂನಿನ ಅಡ್ಡಿ ಇಲ್ಲದಿದ್ದರೂ ಮಗುವಿನ ಇಚ್ಛೆ ಮತ್ತು ಹಿತವನ್ನು ನೋಡಿ, ಅದು ಈಗಿರುವಲ್ಲೇ ಮುಂದುವರಿಯಲಿ, ತಾಯಿ ರಜೆಯಲ್ಲಿ ಅಲ್ಲಿಗೆ ಹೋಗಿ ನೋಡಬಹುದು, ಅರ್ಜಿ ಇತ್ಯರ್ಥವಾಗಿದೆ ಎಂದು ಜಡ್ಜರು ಮುಗಿಸಿದರು. ಮುಂದಿನ ಕೇಸಿನವರನ್ನು ಕೂಗಿದರು.

ಹೊರಗೆ ನಲ್ಲಪ್ಪ ಮೇಲ್ಮನವಿಯ ಮಾತೆತ್ತಿದರು. ನಾನು ಮಾಡೇ ಮಾಡಬೇಕು, ಬಿಡಬಾರದು ಎಂದು ಶುರು ಮಾಡಿದೆ. ದೇವಕ್ಕ ಕೈ ಎತ್ತಿ ನನ್ನನ್ನು ತಡೆದಳು, ಅಷ್ಟು ದಿನದಲ್ಲಿ ಮೊದಲ ಸಲ. ಬ್ಯಾಡ್ರಿ ಮೇಡಂ, ಕೂಸಿನ್ನ ಮತ್ತ ಮತ್ತ ಕೇಳಬ್ಯಾಡ್ರಿ ಅಂದಳು. ರುದ್ರಮ್ಮನ ಮುಖದಲ್ಲಿ ಗೆದ್ದವಳ ಕಳೆ ಇರಲಿಲ್ಲ. ಗಂಟು ಎತ್ತಿಕೊಂಡು, ಬಸ್ಸಿಗೆ ಹೊತ್ತಾಯ್ತು ಎಂದು ಯಾರಿಗೋ ಎಂಬಂತೆ ಹೇಳಿ ಮೆಟ್ಟಿಲಿನ ಹತ್ತಿರ ಹೋಗಿ ನಿಂತಳು.

ಮಹಾನಂದಾ ಓಡಿಬಂದು ತಾಯಿಯ ಕೈಚೀಲದಲ್ಲಿ ಇಣುಕಿದಳು. ದೇವಕ್ಕ ಬಿಸ್ಕತ್ತಿನ ಪೊಟ್ಟಣ ತೆಗೆದುಕೊಟ್ಟು, ನೆಲದ ಮೇಲೆ ಕೂತು, ಜಡೆ ಬಿಚ್ಚಿ ಮತ್ತೆ ಹೆಣೆದು, ಹೊಸ ರಿಬ್ಬನ್ನು ಕಟ್ಟಿದಳು. ಕೂಸು ಬಿಸ್ಕತ್ತು ತಿನ್ನುತ್ತ ಸುಮ್ಮನೆ ಕಟ್ಟಿಸಿಕೊಂಡಿತು. ಆಯಿ ಕರೆದಾಗ ಎದ್ದು ಎರಡು ಹೆಜ್ಜೆ ಹೋಗಿ, ಏನೋ ನೆನಪಾದಂತೆ ತಿರುಗಿ ನಿಂತಿತು.

“ಮುಂದಿನ ತಾರೀಖ ಯಾವಾಗವ್ವ?”

ದೇವಕ್ಕ ನನ್ನ ಮುಖ ನೋಡಿದಳು. ಆಮೇಲೆ ತಾನೇ ಮಗಳ ಕೆನ್ನೆಯ ಮೇಲಿನ ಬಿಸ್ಕತ್ತಿನ ಪುಡಿ ಒರೆಸಿ ಹೇಳಿದಳು.

“ಕೊಡ್ತಾರವ್ವ. ಕೊಟ್ಟ ಕೂಡ್ಲೆ ಬರ್ತೀನಿ.”